ಮಾವನ ಮಂಡಿಗೆ ಒಂಬತ್ತು

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯ ಹೀರೋ ಮುಂದೆ ನೀವು ಇಲ್ಲಿಯವರೆಗೆ ನೋಡಿದ ಹೀರೋಗಳೆಲ್ಲ ಬರೀ ಸೈಡ್ ಆ್ಯಕ್ಟರುಗಳು. ಅವನಿಗೆ ನಿಮ್ಮ ಧ್ವನಿ ಎರಡು ನಿಮಿಷ ಕೇಳಿಸಿ, ಸಾಕು. ಮೂರನೇ ನಿಮಿಷಕ್ಕೆ ನಿಮ್ಮ ಧ್ವನಿಯಲ್ಲೇ ನಿಮ್ಮ ಮನೆಗೆ ಫೋನ್ ಮಾಡಿ, ನಿಮ್ಮ ಹೆಂಡತಿಯ ಹತ್ತಿರ ಬೈಸಿಕೊಂಡು, ಆ ಬೈಗುಳವನ್ನು ನಿಮಗೆ ಕೊರಿಯರ್ ಮಾಡುತ್ತಾನೆ. ಕೆಮ್ಮು ಕೂಡ ನಿಮ್ಮದೇ, ನೀವು ಉಸಿರು ಎಳೆಯುವ ಜಾಗದಲ್ಲೇ ಎಳೆಯುತ್ತಾನೆ. ಒಮ್ಮೆ ಒಬ್ಬ ಬ್ಯಾಂಕ್ ಮ್ಯಾನೇಜರನಿಗೆ ಅವನದೇ ಧ್ವನಿಯಲ್ಲಿ ಫೋನ್ ಮಾಡಿದಾಗ ಆ ಮನುಷ್ಯ ಗಾಬರಿಯಾಗಿ, “ಮ್ಯಾನೇಜರ್ ಸೀಟಲ್ಲಿಲ್ಲ, ನಾಳೆ ಮಾಡಿ” ಎಂದು ಫೋನ್ ಇಟ್ಟನಂತೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕಥೆ ಮುಗಿಯುವ ಹೊತ್ತಿಗೆ ನೀವು ಕುರ್ಚಿ ಮೇಲೆ ಹತ್ತಿ ನಿಲ್ಲದಿದ್ದರೆ ನಾನು ಮೀಸೆ ಬೋಳಿಸಿಕೊಳ್ಳುತ್ತೇನೆ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ ಎನ್ನುವುದು ಬೇರೆ ವಿಷಯ.

ಅವನನ್ನು ಎಲ್ಲರೂ ಕರೆಯುವುದು ಗಿಳಿ ಎಂದು. ವಯಸ್ಸು ಇಪ್ಪತ್ಮೂರು. ಸಿನಿಮಾಗಳಿಗೆ ಸದ್ದು ಸೇರಿಸುವ ಒಂದು ಸ್ಟುಡಿಯೋದಲ್ಲಿ ಕೆಲಸ. ಹೀರೋಗೆ ಧ್ವನಿ ಕೊಡುತ್ತಾನೆ ಅಂದುಕೊಂಡಿರಾ? ಅಷ್ಟು ಅದೃಷ್ಟ ಎಲ್ಲಿಂದ ಬರಬೇಕು. ಅವನು ಧ್ವನಿ ಕೊಡುವುದು ಗುಂಪಿಗೆ. ತೆರೆಯ ಮೇಲೆ ಮಾರ್ಕೆಟ್ಟೋ ರೈಲ್ವೆ ಸ್ಟೇಷನ್ನೋ ಬಂದಾಗ ಹಿಂದಿನಿಂದ ಗಜಿಬಿಜಿ ಎಂದು ಒಂದು ಸದ್ದು ಕೇಳುತ್ತದಲ್ಲ, ಅದು ಗಿಳಿ ಮತ್ತು ಇನ್ನೂ ಐದು ಜನ ಒಂದು ಮೈಕಿನ ಸುತ್ತ ನಿಂತು ಮಾಡುವ ಸದ್ದು. ಅದರಲ್ಲಿ ಮಾತು ತಿಳಿಯಬಾರದು. ಮಾತು ತಿಳಿದರೆ ನೋಡುವವರ ಗಮನ ಹೀರೋನನ್ನು ಬಿಟ್ಟು ಅತ್ತ ಹೋಗುತ್ತದೆ. ಅದಕ್ಕೇ ಈ ಆರು ಜನ ಹೇಳುವುದು ಬರೀ ನಂಬರ್. “ಏಳು, ಹದಿನಾಲ್ಕು, ಒಂಬತ್ತಾ?” ಎಂದು ಒಬ್ಬ ಜಗಳ ಕಾಯುತ್ತಾನೆ. “ಅಯ್ಯೋ, ಹನ್ನೊಂದು, ಹನ್ನೊಂದು” ಎಂದು ಒಬ್ಬಳು ಬಿಕ್ಕುತ್ತಾಳೆ. ನಾಲ್ಕು ವರ್ಷದಿಂದ ಗಿಳಿ ದಿನಕ್ಕೆ ಸಾವಿರ ನಂಬರ್ ಹೇಳಿದ್ದಾನೆ. ಒಂದನ್ನೂ ಯಾರೂ ಬರೆದುಕೊಂಡಿಲ್ಲ.

ಆ ಕೆಲಸ ಕೊಡಿಸಿದ್ದು ಅವನ ಸೋದರಮಾವ. ತಾಯಿ ಹೋದ ಮೇಲೆ ಅವನನ್ನು ಸಾಕಿದ್ದೂ ಮಾವ ಮತ್ತು ಅತ್ತೆಯೇ. ಮಾವ ಅದೇ ಸ್ಟುಡಿಯೋದಲ್ಲಿ ಎಫೆಕ್ಟ್ಸ್ ಮಾಸ್ಟರ್. ಅಂದರೆ, ತೆರೆಯ ಮೇಲೆ ಹೀರೋ ನಡೆದರೆ ಕೆಳಗಿನ ಮಬ್ಬು ರೂಮಿನಲ್ಲಿ ಮಾವ ನಡೆಯಬೇಕು. ಶೂಟಿಂಗ್‌ನಲ್ಲಿ ಹೆಜ್ಜೆಯ ಸದ್ದು ಸರಿಯಾಗಿ ಸಿಗುವುದಿಲ್ಲ. ಆಮೇಲೆ ಒಬ್ಬರು ಪರದೆ ನೋಡುತ್ತ, ಅದೇ ತಾಳಕ್ಕೆ ನಡೆದು ಆ ಸದ್ದನ್ನು ಸೇರಿಸಬೇಕು. ರೂಮಿನ ನೆಲದಲ್ಲಿ ಚೌಕ ಚೌಕ ತೊಟ್ಟಿಗಳು: ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದಕ್ಕೆ ಮರದ ಹಲಗೆ, ಒಂದಕ್ಕೆ ಕಲ್ಲು. ಗೋಡೆಗೆ ಎಪ್ಪತ್ತು ಜೊತೆ ಚಪ್ಪಲಿ, ಶೂ, ಬೂಟು. ಪೊಲೀಸ್ ಬಂದರೆ ಬೂಟು, ಹೀರೋಯಿನ್ ಬಂದರೆ ಎತ್ತರದ ಹಿಮ್ಮಡಿಯ ಕೆಂಪು ಚಪ್ಪಲಿ. ಐವತ್ತೆಂಟು ವರ್ಷದ, ಬಕ್ಕತಲೆಯ, ಒಂಚೂರು ಹೊಟ್ಟೆ ಇರುವ ಮನುಷ್ಯ ಅದನ್ನು ಮೆಟ್ಟಿ ಟಕ್ ಟಕ್ ಎಂದು ನಡೆದರೆ, ಕಣ್ಣು ಮುಚ್ಚಿಕೊಂಡವರಿಗೆ ಇಪ್ಪತ್ತು ವರ್ಷದ ಹುಡುಗಿ ಸಿಟ್ಟು ಮಾಡಿಕೊಂಡು ಹೋದಂತೆಯೇ ಕೇಳಿಸುತ್ತದೆ.

“ಊರಿನ ಹೆಣ್ಮಕ್ಕಳ ನಡಿಗೆ ಎಲ್ಲ ಬರುತ್ತೆ ಇವರಿಗೆ,” ಎಂದು ಅತ್ತೆ ಮೂಗು ಮುರಿಯುತ್ತಿದ್ದಳು. “ಹೆಂಡ್ತಿ ಜೊತೆ ತರಕಾರಿಗೆ ಬನ್ನಿ ಅಂದ್ರೆ ಮಾತ್ರ ಮಂಡಿ ನೋವು.”

ಆ ಮಾತು ಮೊದಮೊದಲು ತಮಾಷೆಯಾಗಿತ್ತು. ಎರಡು ವರ್ಷದಲ್ಲಿ ಮಾವನ ಬಲ ಮಂಡಿ ನಿಜವಾಗಿಯೂ ಕೈಕೊಟ್ಟಿತು. ಮೊದಲು ಮೆಟ್ಟಿಲು ಇಳಿಯುವಾಗ, ಆಮೇಲೆ ಕುರ್ಚಿಯಿಂದ ಏಳುವಾಗ. ನೋವನ್ನಾದರೂ ಮಾವ ಹಲ್ಲುಕಚ್ಚಿ ನುಂಗುತ್ತಿದ್ದರು. ನುಂಗಲಾರದ್ದು ಇನ್ನೊಂದು: ಮಂಡಿ ಸದ್ದು ಮಾಡಲು ಶುರುಮಾಡಿತು.

ಎಫೆಕ್ಟ್ಸ್ ರೂಮಿನ ಮೈಕು ಪಾದದ ಪಕ್ಕದಲ್ಲೇ ಇರುತ್ತದೆ. ಸೂಜಿ ಬಿದ್ದರೂ ಹಿಡಿಯುತ್ತದೆ. ಒಂದು ದಿನ ಗಾಜಿನ ಆಚೆ ಕೂತಿದ್ದ ಸೌಂಡ್ ಇಂಜಿನಿಯರ್ ಟೇಕ್ ನಿಲ್ಲಿಸಿದ.

“ಮಾಸ್ಟರ್, ಹೀರೋ ಜೇಬಲ್ಲಿ ಬೀಗದ ಕೈ ಏನಾದ್ರೂ ಇದೆಯಾ?”

“ಇಲ್ವಲ್ಲ ಸರ್.”

“ಏನೋ ಕಟಕ್ ಅಂತು.”

ಮಾವ ಬಲಗಾಲನ್ನು ಮೈಕಿನಿಂದ ಹಿಂದಕ್ಕೆಳೆದರು. “ನನ್ನ ಮಂಡಿ ಸರ್.”

“ಹಾಗಾದ್ರೆ ಇದನ್ನ ಮೂಳೆ ಮುರಿಯೋ ಸೀನ್‌ಗೆ ಎತ್ತಿಟ್ಕೊಳ್ಳೋಣ. ಎಲೆಕೋಸು ಮುರಿಯೋ ಕೆಲಸ ತಪ್ಪುತ್ತೆ.”

ಎಲ್ಲರೂ ನಕ್ಕರು. ಮಾವನೂ ನಕ್ಕರು. ಗಿಳಿ ಎಲ್ಲರಿಗಿಂತ ಜೋರಾಗಿ ನಕ್ಕು, ಮಧ್ಯಾಹ್ನದ ಹೊತ್ತಿಗೆ ಆ ‘ಕಟಕ್’ ಅನ್ನು ನಾಲಿಗೆಯಲ್ಲಿ ಮಾಡುವುದನ್ನು ಕಲಿತುಬಿಟ್ಟ.

ಆದರೆ ಇಂಜಿನಿಯರ್ ಸಂಜೆ ಮಾವನನ್ನು ಪಕ್ಕಕ್ಕೆ ಕರೆದು ಹೇಳಿದ್ದರಲ್ಲಿ ತಮಾಷೆ ಇರಲಿಲ್ಲ. ವರ್ಷದ ಕೊನೆಗೆ ಒಂದು ದೊಡ್ಡ ಚಿತ್ರ ಬರುತ್ತಿತ್ತು. ಅದರ ಕೊನೆಯಲ್ಲಿ ಹೀರೋ ಹನ್ನೊಂದು ನಿಮಿಷ ಒಬ್ಬನೇ ನಡೆಯುತ್ತಾನೆ. ಮಾತಿಲ್ಲ, ಹಾಡಿಲ್ಲ, ಹೆಜ್ಜೆ ಮಾತ್ರ.

“ಅದು ನಿಮಗೇ ಅಂತ ಡೈರೆಕ್ಟರ್ ಹತ್ರ ಹೇಳಿದೀನಿ ಮಾಸ್ಟರ್. ಅಷ್ಟರಲ್ಲಿ ಮಂಡಿ ಸರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಕಂಪ್ಯೂಟರ್‌ನಲ್ಲಿರೋ ಹಳೇ ಹೆಜ್ಜೆ ಎತ್ತಿ ಹಾಕ್ತೀನಿ. ಒಂದು ಸಲ ಹಾಗೆ ಮಾಡಿದ್ರೆ ಆಮೇಲೆ ಈ ರೂಮು ಯಾರಿಗೂ ಬೇಡ. ಮಾಲೀಕರು ಇದನ್ನ ಗೋಡೌನ್ ಮಾಡೋಕೆ ಕಾಯ್ತಿದಾರೆ.”

ಮಾವ ಮನೆಗೆ ಬಂದು ಊಟದ ಮುಂದೆ ಕೂತು, “ಹನ್ನೊಂದು ನಿಮಿಷ ಕಣೇ,” ಎಂದರು ಅತ್ತೆಗೆ. “ಮೂವತ್ತು ವರ್ಷದಲ್ಲಿ ಯಾರೂ ಹನ್ನೊಂದು ನಿಮಿಷ ಕೊಟ್ಟಿರಲಿಲ್ಲ. ಒಂದೋ ಹಾಡು ಬರೋದು, ಇಲ್ಲ ಫೈಟ್ ಬರೋದು.”

ಮಾರನೆಯ ವಾರ ಮೂವರೂ ಆಸ್ಪತ್ರೆಗೆ ಹೋದರು. ಮಂಡಿಯ ವಿಭಾಗದ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದಳು, “ಎರಡು ಮೂಳೆ ನಡುವೆ ಮೆತ್ತಗಿರೋ ಪದರ ಸವೆದಿದೆ. ಹೋಗಿದ್ದು ವಾಪಸ್ ಬರಲ್ಲ. ನೋವು ಕಮ್ಮಿ ಮಾಡ್ಬಹುದು, ಓಡಾಟ ಜಾಸ್ತಿ ಮಾಡ್ಬಹುದು. ಆಪರೇಷನ್ ಮಾಡೋ ಅಷ್ಟು ಕೆಟ್ಟಿಲ್ಲ.”

“ಹಾಗಾದ್ರೆ ಏನು ಮಾಡ್ಬೇಕು?” ಅತ್ತೆ ಕೇಳಿದಳು.

“ಮೂರು ದಾರಿ ಇದೆ. ಮಾತ್ರೆ, ವ್ಯಾಯಾಮ, ಮಂಡಿಗೇ ಇಂಜೆಕ್ಷನ್. ಒಬ್ಬರಿಗೆ ಆಗಿದ್ದು ಇನ್ನೊಬ್ಬರಿಗೆ ಆಗಲ್ಲ. ಅದಕ್ಕೇ ನಾವೀಗ ಒಂದು ಹೋಲಿಕೆ ಮಾಡ್ತಿದೀವಿ. ಒಂದೊಂದನ್ನೂ ಎರಡು ತಿಂಗಳು ಮಾಡಿ ನೋಡೋದು. ಮಂಗಳವಾರ, ಶುಕ್ರವಾರ ಹನ್ನೊಂದು ಗಂಟೆಗೆ ನಮ್ಮ ಸಿಸ್ಟರ್ ಫೋನ್ ಮಾಡ್ತಾರೆ. ನೋವೇ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು. ಆಮೇಲೆ ಮೆಟ್ಟಿಲು ಹತ್ತಿದ್ರಾ, ಕೂತು ಎದ್ರಾ ಅಂತ ಕೇಳ್ತಾರೆ. ಯಾವುದರಲ್ಲಿ ನಂಬರ್ ಕಮ್ಮಿಯೋ ಅದನ್ನ ಮುಂದುವರಿಸ್ತೀವಿ, ಉಳಿದಿದ್ದು ಬಿಟ್ಬಿಡ್ತೀವಿ. ಒಂದೇ ಷರತ್ತು, ನೀವೇ ಹೇಳ್ಬೇಕು. ಮನೆಯವರು ಹೇಳೋ ಹಾಗಿಲ್ಲ. ನೋವು ನಿಮ್ದು.”

ಮೊದಲು ಮಾತ್ರೆ. ಆ ಎರಡು ತಿಂಗಳು ಸ್ಟುಡಿಯೋದಲ್ಲಿ ಹೆಜ್ಜೆಯ ಕೆಲಸ ಇರಲಿಲ್ಲ. ಮಾವ ಮನೆಯಲ್ಲೇ ಇದ್ದು, ಹನ್ನೊಂದು ಗಂಟೆಗೆ ಪರೀಕ್ಷೆಗೆ ಕೂತವರಂತೆ ಫೋನಿನ ಮುಂದೆ ಕೂರುತ್ತಿದ್ದರು.

“ಐದೂ ಅಲ್ಲ ಸಿಸ್ಟರ್, ಆರೂ ಅಲ್ಲ. ಐದೂವರೆ ಅಂತ ಬರ್ಕೊಳ್ಳೋಕಾಗಲ್ವಾ?”

“ಇಲ್ಲ ಅಂಕಲ್. ಒಂದು ಹೇಳಿ.”

“ಒಂದಾ? ಒಂದಂತೂ ಅಲ್ಲಮ್ಮ.”

ಗಿಳಿ ಬಾಗಿಲ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮಾತ್ರೆಯಿಂದ ನೋವು ಸ್ವಲ್ಪ ಇಳಿಯಿತು, ಹೊಟ್ಟೆ ಉರಿ ಸ್ವಲ್ಪ ಏರಿತು. ಕೊನೆಗೆ ಉಳಿದದ್ದು ಐದು.

ಎರಡನೆಯದು ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಮಲಗಿ ಕಾಲನ್ನು ನೇರ ಎತ್ತಿ ಹತ್ತು ಎಣಿಸುವುದು. ಹೊಸ್ತಿಲ ಎತ್ತರದ ಹಲಗೆ ಹತ್ತಿ ಇಳಿಯುವುದು. ಮೂರನೇ ವಾರದಿಂದ ಕಾಲಿಗೆ ಭಾರ ಕಟ್ಟಬೇಕು ಎಂದಾಗ ಅತ್ತೆ ಹಳೆಯ ದಿಂಬಿನ ಬಟ್ಟೆಯಲ್ಲಿ ಒಂದು ಚೀಲ ಹೊಲಿದಳು, ಮಾವ ಎಫೆಕ್ಟ್ಸ್ ರೂಮಿನ ಮರಳನ್ನೇ ಅದಕ್ಕೆ ತುಂಬಿದರು. ದಿನಾ ಬೆಳಿಗ್ಗೆ ಅತ್ತೆ ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು.

“ಎಂಟು... ಎಂಟು... ಎಂಟು...”

“ಮುಂದೆ ಹೋಗೇ ಮಾರಾಯ್ತಿ.”

“ನೀವು ಕಾಲು ಇಳಿಸಿದ್ರಿ. ಇಳಿಸಿದ್ರೆ ಎಂಟೇ.”

ಅಷ್ಟರಲ್ಲಿ ಸ್ಟುಡಿಯೋದಲ್ಲಿ ಕೆಲಸ ಶುರುವಾಗಿತ್ತು. ಬೆಳಿಗ್ಗೆ ಹತ್ತರಿಂದ ಮಾವ ಎಫೆಕ್ಟ್ಸ್ ರೂಮಿನ ಒಳಗೆ. ಅಲ್ಲಿ ಫೋನ್ ಒಯ್ಯುವ ಹಾಗಿಲ್ಲ. ಮಾವ ಫೋನನ್ನು ಗಿಳಿಯ ಕೈಗೆ ಕೊಟ್ಟು ಹೇಳಿದರು, “ಸಿಸ್ಟರ್ ಮಾಡ್ತಾರೆ. ಏಳು ಅಂತ ಹೇಳು. ಮೆಟ್ಟಿಲು ಕಂಬಿ ಹಿಡ್ಕೊಂಡೇ ಹತ್ತೋದು ಅಂತ ಹೇಳು.”

“ನೀವೇ ಹೇಳ್ಬೇಕಂತಲ್ಲ ಮಾವ.”

“ನನ್ನ ಧ್ವನಿಲೇ ಹೇಳ್ಬಿಡೋ. ನಂಬರ್ ನಂದೇ ತಾನೆ? ಧ್ವನಿ ಯಾರದ್ದಾದ್ರೇನು.”

ಹನ್ನೊಂದಕ್ಕೆ ಫೋನ್ ಬಂತು. ಗಿಳಿ ಹೊರಗಿನ ಕಾರಿಡಾರಿನಲ್ಲಿ ಗೋಡೆಗೆ ಒರಗಿ, ಗಂಟಲಲ್ಲಿ ಸ್ವಲ್ಪ ಕಫ ಇಟ್ಟುಕೊಂಡು, “ಏಳು ಸಿಸ್ಟರ್,” ಎಂದ. ಅಪ್ಪಟ ಮಾವ. ಗುಂಪಿನ ಧ್ವನಿಯ ಉಳಿದ ಐವರು ಸುತ್ತ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಫೋನ್ ಇಟ್ಟ ಮೇಲೆ ಬಿದ್ದು ಬಿದ್ದು ನಕ್ಕರು. “ಇನ್ನೊಂದ್ಸಲ ಮಾಡೋ,” ಎಂದರು. ನಾಲ್ಕು ವರ್ಷ ಬರೀ ಗಜಿಬಿಜಿ ಮಾಡಿದವನಿಗೆ ಮೊದಲ ಸಲ ಪ್ರೇಕ್ಷಕರು ಸಿಕ್ಕಿದ್ದರು.

ಶುಕ್ರವಾರದ ಫೋನಿಗೆ ಗಿಳಿ ತಯಾರಾಗಿಯೇ ಬಂದಿದ್ದ. ಮಾವ ಅಂದು ಹೇಳಿ ಹೋದದ್ದೂ ಏಳೇ. ಆದರೆ ಏಳಕ್ಕೆ ಪಂಚ್ ಇಲ್ಲ.

“ಹೇಗಿದೆ ಅಂಕಲ್ ನೋವು?”

“ನೋವು ನನಗೆ ಹೊಸದಲ್ಲ ಸಿಸ್ಟರ್. ನೋವಿಗೆ ನಾನು ಹೊಸಬ. ಒಂಬತ್ತು.”

“ಅಯ್ಯೋ, ಅಷ್ಟೊಂದಾ? ಕೂತು ಏಳೋಕಾಗುತ್ತಾ?”

“ಈ ಮಂಡಿ ಬಗ್ಗೋದು ಎರಡೇ ಕಡೆ. ಒಂದು ಹೆತ್ತ ತಾಯಿ ಮುಂದೆ, ಇನ್ನೊಂದು ನಿಮ್ಮ ಡಾಕ್ಟರ್ ಮುಂದೆ. ಬಗ್ಗಿದ್ಮೇಲೆ ಏಳಲ್ಲ.”

ಸಿಸ್ಟರ್ ಕಿಸಕ್ಕನೆ ನಕ್ಕಳು. “ಬರ್ಕೊಂಡೆ ಅಂಕಲ್,” ಎಂದಳು.

ಆ ‘ಬರ್ಕೊಂಡೆ’ ಗಿಳಿಯ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವನ ಕಸುಬಿನಲ್ಲಿ ನಂಬರ್ ಎಂದರೆ ಬಾಯಿ ಆಡಿಸಲು ಇರುವ ಶಬ್ದ, ಅಷ್ಟೇ. ಏಳಾದರೂ ಅದೇ, ಮೂವತ್ತೆರಡಾದರೂ ಅದೇ. ಅದರ ಹಿಂದೆ ಒಂದು ಮಂಡಿ ಇದೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ವಾರಗಳು ಉರುಳಿದವು. ಮೊದಲ ಎರಡು ವಾರ ವ್ಯಾಯಾಮದಿಂದ ಮಾವನ ಕಾಲು ಇನ್ನೂ ಬಿಗಿದುಕೊಂಡಿತ್ತು. ಮೂರನೆಯ ವಾರದಿಂದ ಸಡಿಲವಾಯಿತು. ಮಾವ ಹೇಳಿ ಹೋಗುವ ನಂಬರ್ ಇಳಿಯುತ್ತ ಬಂತು: ಆರು, ಐದು, ಐದು, ನಾಲ್ಕು. ಕಾರಿಡಾರಿನಲ್ಲಿ ಮಾತ್ರ ಒಂಬತ್ತು, ಒಂಬತ್ತು, ಒಂಬತ್ತು. ಡೈಲಾಗ್ ಬದಲಾಗುತ್ತಿತ್ತು, ನಂಬರ್ ಬದಲಾಗುತ್ತಿರಲಿಲ್ಲ.

ಆರನೆಯ ವಾರದ ಒಂದು ಮಂಗಳವಾರ ಮಾವ ಸ್ಟುಡಿಯೋದ ಮೆಟ್ಟಿಲನ್ನು ಕಂಬಿ ಮುಟ್ಟದೆ ಹತ್ತಿದರು. ಮೇಲೆ ನಿಂತು ಹಿಂದಿರುಗಿ ನೋಡಿ, ಫೋನನ್ನು ಗಿಳಿಗೆ ಎಸೆದರು.

“ಎರಡು ಅಂತ ಹೇಳೋ ಅಳಿಯ. ಜೋರಾಗಿ ಹೇಳು, ಎರಡು.”

ಅಂದು ನಾಲ್ಕು ನಿಮಿಷದ ಒಂದು ಟೇಕ್ ಇತ್ತು. ಹೀರೋ ಜಲ್ಲಿಯಿಂದ ಹಲಗೆಗೆ, ಹಲಗೆಯಿಂದ ಕಲ್ಲಿಗೆ ಬರುವ ನಡಿಗೆ. ಮಾವ ಪರದೆಯಿಂದ ಕಣ್ಣು ತೆಗೆಯದೆ ನಡೆದರು. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಟೇಕ್ ಮುಗಿದ ಮೇಲೆ ಗಾಜಿನ ಆಚೆ ಇಂಜಿನಿಯರ್ ಅದನ್ನು ಹಿಂದಕ್ಕೆ ಓಡಿಸಿ, ಕಣ್ಣು ಮುಚ್ಚಿ, ಇನ್ನೊಮ್ಮೆ ಕೇಳಿದ.

“ಮಾಸ್ಟರ್, ಮಂಡಿ ಎಲ್ಲಿ ಬಿಟ್ಟು ಬಂದ್ರಿ?”

“ಮನೇಲಿ ಸರ್. ಹೆಂಡ್ತಿ ಎಣಿಸ್ತಾ ಕೂತಿದಾಳೆ.”

ಅದೇ ಹೊತ್ತಿಗೆ ಗೋಡೆಯ ಈಚೆ ಫೋನ್ ಬಂದಿತ್ತು. ಗಿಳಿ ಒಂದು ಕ್ಷಣ ಯೋಚಿಸಿದ. ಹೋದ ಶುಕ್ರವಾರದವರೆಗೆ ಒಂಬತ್ತು ಎಂದು ನರಳಿದವನು ಇಂದು ಎರಡು ಎಂದರೆ ಕಂಟಿನ್ಯುಟಿ ತಪ್ಪುತ್ತದೆ. ಒಂದು ಶಾಟ್‌ನಲ್ಲಿ ಗಾಯ, ಮುಂದಿನ ಶಾಟ್‌ನಲ್ಲಿ ಗಾಯವೇ ಇಲ್ಲ ಎಂದರೆ ಯಾವ ಪ್ರೇಕ್ಷಕ ಒಪ್ಪುತ್ತಾನೆ? “ಒಂಬತ್ತು ಸಿಸ್ಟರ್,” ಎಂದ. “ಇನ್ನೊಂದು ಬಾಕಿ ಇದೆ, ಅದನ್ನ ಸಾವಿಗೆ ಅಂತ ಎತ್ತಿಟ್ಟಿದೀನಿ.”

ವ್ಯಾಯಾಮದ ಅವಧಿ ಮುಗಿದಾಗ ಆಸ್ಪತ್ರೆಗೆ ಹೋಗಿ ಮೆಟ್ಟಿಲು ಹತ್ತಿ ತೋರಿಸುವ ಒಂದು ಪರೀಕ್ಷೆ ಇತ್ತು. ಅಂದೇ ಒಂದು ಚಿತ್ರದ ಕೊನೆಯ ರೆಕಾರ್ಡಿಂಗ್ ಬಿತ್ತು. ಪರವಾಗಿಲ್ಲ, ಫೋನಿನಲ್ಲಿ ಹೇಳಿದ್ದೆಲ್ಲ ಇದೆ ಎಂದರು ಆಸ್ಪತ್ರೆಯವರು.

ಮೂರನೆಯದು ಇಂಜೆಕ್ಷನ್. ವ್ಯಾಯಾಮ ನಿಲ್ಲಿಸಿ ಎಂದಿದ್ದರು, ಎರಡೂ ಕಲೆತರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲವಲ್ಲ. ಸ್ಟುಡಿಯೋದಲ್ಲಿ ಮತ್ತೆ ಬಿಡುವಾದ್ದರಿಂದ ಮಾವನೇ ಫೋನ್ ಎತ್ತಿದರು. ಸೂಜಿ ಚುಚ್ಚಿದ ಮೊದಲ ವಾರ ಎರಡು, ಎರಡನೆಯ ವಾರ ಎರಡು. ಆಮೇಲೆ ಮೂರು, ನಾಲ್ಕು, ಐದು. ಎಂಟನೆಯ ವಾರಕ್ಕೆ ಮಂಡಿ ಮತ್ತೆ ‘ಕಟಕ್’ ಎಂದಿತು. ಮಾವ ಅದನ್ನೂ ಪ್ರಾಮಾಣಿಕವಾಗಿ ಹೇಳಿದರು.

“ಇದು ಬಾಡಿಗೆ ಮಂಡಿ ಥರ,” ಎಂದರು ಅತ್ತೆಗೆ. “ಎರಡು ವಾರ ಆರಾಮ, ಆಮೇಲೆ ಖಾಲಿ ಮಾಡು ಅನ್ನುತ್ತೆ. ನಂಗೆ ಆ ವ್ಯಾಯಾಮವೇ ಸರಿ. ಅದನ್ನೇ ಕೊಡ್ತಾರೆ ನೋಡ್ತಿರು.”

ಫಲಿತಾಂಶದ ದಿನ ಮಾವನೂ ಗಿಳಿಯೂ ಹೋದರು. ದೊಡ್ಡ ಚಿತ್ರದ ಹನ್ನೊಂದು ನಿಮಿಷಕ್ಕೆ ಇನ್ನೂ ಏಳು ವಾರ ಇತ್ತು. ವ್ಯಾಯಾಮಕ್ಕೆ ಆರು ವಾರ ಸಾಕು ಎಂದು ಮಾವ ಬಸ್ಸಿನಲ್ಲಿ ಲೆಕ್ಕ ಹಾಕಿದ್ದರು.

ಡಾಕ್ಟರಮ್ಮ ಒಂದು ಕಾಗದ ಮುಂದಿಟ್ಟಳು. “ಮಾತ್ರೆ ಐದು. ಇಂಜೆಕ್ಷನ್ ಸರಾಸರಿ ಮೂರೂವರೆ. ವ್ಯಾಯಾಮ ನಿಮಗೆ ಆಗಿಲ್ಲ. ಆಗಿಲ್ಲ ಅನ್ನೋದಕ್ಕಿಂತ ಕೆಡಿಸಿದೆ. ಏಳರಿಂದ ಶುರುವಾಗಿ ಪೂರ್ತಿ ಒಂಬತ್ತು.”

ಮಾವ ಕನ್ನಡಕ ಹಾಕಿಕೊಂಡರು. “ನಂಗೆ ಅದ್ರಲ್ಲೇ ಕಮ್ಮಿ ಆದ ಹಾಗಿತ್ತು ಡಾಕ್ಟ್ರೇ.”

“ಈಗ ಹಾಗೆ ಅನ್ಸುತ್ತೆ. ಹಳೇ ನೋವು ಯಾರಿಗೂ ಸರಿಯಾಗಿ ನೆನಪಿರಲ್ಲ. ಅದಕ್ಕೇ ಆಗಿಂದಾಗಲೇ ಫೋನ್ ಮಾಡಿ ಬರ್ಕೊಳ್ಳೋದು. ಇಲ್ಲಿ ನೋಡಿ, ಸಿಸ್ಟರ್ ನಿಮ್ಮ ಮಾತನ್ನೂ ಬರ್ದಿದಾರೆ. ಇನ್ನೊಂದು ಬಾಕಿ ಇದೆ, ಅದನ್ನ ಸಾವಿಗೆ ಎತ್ತಿಟ್ಟಿದೀನಿ ಅಂತ. ಅಷ್ಟು ನೋವಲ್ಲಿದ್ದೋರಿಗೆ ನಾನು ಮತ್ತೆ ಅದನ್ನ ಮಾಡಿ ಅನ್ನೋ ಹಾಗಿಲ್ಲ. ಇಂಜೆಕ್ಷನ್ ಮುಂದುವರಿಸೋಣ, ನಾಲ್ಕು ತಿಂಗಳಿಗೊಂದು. ಮಂಡಿಗೆ ಭಾರ ಹಾಕ್ಬೇಡಿ.”

“ನಾನು ಹೀಗಂದ್ನಾ?” ಎಂದರು ಮಾವ, ಕಾಗದ ನೋಡುತ್ತ. ಬೇರೆಯವರ ಕೈಯಲ್ಲಿ ಹೇಳಿ ಕಳಿಸುತ್ತಿದ್ದೆ ಎಂದು ಅಲ್ಲಿ ಹೇಳುವಂತಿರಲಿಲ್ಲ. ಹೇಳಿದರೆ ಗಿಳಿಯ ಮೇಲೆ ಬರುತ್ತದೆ. ಕಾಗದವನ್ನು ಡಾಕ್ಟರಮ್ಮನ ಕಡೆ ಸರಿಸಿ ಎದ್ದರು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತು ಮಾವ ಕೇಳಿದರು, “ಲೋ, ನಾನು ಎರಡು ಅಂತ ಹೇಳಿದ್ದೆ ಅಲ್ವೇನೋ? ಆ ದಿನ, ಮೆಟ್ಟಿಲ ಮೇಲೆ?”

ಈಗ ನೋಡಿ ನಮ್ಮ ಹೀರೋನನ್ನು. ಗಿಳಿ ಎದ್ದು ನಿಂತ. ಬಾಗಿಲನ್ನು ದಢಾರನೆ ತಳ್ಳಿದ. “ನಿಲ್ಲಿಸಿ ಡಾಕ್ಟರ್,” ಎಂದ, ಈ ಸಲ ತನ್ನದೇ ಧ್ವನಿಯಲ್ಲಿ. “ಆ ಕಾಗದದಲ್ಲಿರೋದು ಮಂಡಿ ನೋವಲ್ಲ, ಒಬ್ಬ ಮೂರ್ಖನ ಬಾಯಿ ಚಪಲ. ಶಿಕ್ಷೆ ಕೊಡೋದಾದ್ರೆ ಈ ಗಂಟಲಿಗೆ ಕೊಡಿ, ಆ ಕಾಲಿಗಲ್ಲ.” ಮಾವ ಹಿಂದೆಯೇ ಬಂದು ಒಂದು ಬಿಗಿದರು. ಬಿಗಿದ ಕೈಯಲ್ಲೇ ಕೆನ್ನೆ ಸವರಿದರು. ಡಾಕ್ಟರಮ್ಮ ಕಾಗದ ಹರಿದು ಹಾಕಿ ಹೊಸದು ಬರೆದಳು. ಮರಳಿನ ಚೀಲ ಮತ್ತೆ ಹೊರಗೆ ಬಂತು. ಏಳು ವಾರಕ್ಕೆ ಮಾವ ಹನ್ನೊಂದು ನಿಮಿಷ ನಡೆದರು, ಒಂದೇ ಟೇಕ್, ಒಂದೂ ಸದ್ದು ಹೆಚ್ಚಿಲ್ಲ. ಥಿಯೇಟರಿನಲ್ಲಿ ಜನ ಉಸಿರು ಬಿಗಿಹಿಡಿದು ಮಾವನ ಹೆಜ್ಜೆ ಕೇಳಿದರು.

ಹಾಗಾಗಲಿಲ್ಲ.

ಕುರ್ಚಿ ಮೇಲೆ ಯಾರೂ ಹತ್ತಬೇಡಿ, ಕೂತುಕೊಳ್ಳಿ. ಬೆಂಚಿನವರೆಗೆ ಹೇಳಿದ್ದೆಲ್ಲ ನಿಜ. ಅಲ್ಲಿಂದ ಮುಂದಿನದು ನಾನು ಸೇರಿಸಿದ್ದು.

ಆದದ್ದು ಇಷ್ಟು. ಮಾವ ಕೇಳಿದರು, “ಎರಡು ಅಂತ ಹೇಳಿದ್ದೆ ಅಲ್ವೇನೋ?” ಎದುರಿಗೆ ಗೋಡೆಯ ಮೇಲೆ ಮಂಡಿಯ ಚಿತ್ರ ಇತ್ತು. ಗಿಳಿ ಅದನ್ನು ನೋಡಿದ. ಸಾವಿರ ಡೈಲಾಗ್ ಬರುವ ಬಾಯಿಗೆ ಬಂದದ್ದು ಒಂದೇ ಮಾತು.

“ಇಲ್ಲ ಮಾವ. ಒಂಬತ್ತು ಅಂದಿದ್ರಿ.”

“ಹೌದಾ?”

“ಹೂಂ. ದಿನಾ ಒಂಬತ್ತೇ ಅಂತಿದ್ರಿ.”

ಮಾವ ಸ್ವಲ್ಪ ಹೊತ್ತು ಅವನ ಮುಖ ನೋಡಿದರು. ಅನುಮಾನದಿಂದಲ್ಲ. ದಾರಿ ತಪ್ಪಿದವರು ದಾರಿ ಹೇಳಿದವರ ಮುಖ ನೋಡುವ ಹಾಗೆ. “ಹಾಗಾದ್ರೆ ನನ್ನ ತಲೇನೂ ಸವೀತಿದೆ ಅನ್ನು,” ಎಂದು ಬೆಂಚಿಗೆ ಕೈ ಊರಿ ಎದ್ದರು.

ಒಂದು ವಾರದ ಮೇಲೆ ಗಿಳಿ ಹಿತ್ತಲ ಬಾಗಿಲಲ್ಲಿ ನಿಂತು, “ಮಾವ, ಸುಮ್ನೆ ಮನೇಲೇ ಆ ವ್ಯಾಯಾಮ ಮಾಡಿ ನೋಡಿ,” ಎಂದ. “ಬೇಡಪ್ಪ, ಒಂಬತ್ತು ಅಂತ ಬರ್ದಿದಾರೆ,” ಎಂದರು ಮಾವ. ಅತ್ತೆ ಮಾತ್ರ, “ನಾನು ಎಣಿಸ್ತಿದ್ನಲ್ರೀ, ನಿಮ್ಮ ಮುಖದಲ್ಲಿ ಅಷ್ಟು ನೋವಿರಲಿಲ್ಲ,” ಎಂದಳು. ಮಾವ ಮರಳಿನ ಚೀಲವನ್ನು ಅವಳ ಕೈಗೆ ಕೊಟ್ಟರು. ತಮ್ಮನ್ನೇ ನಂಬದವರು ಅವಳನ್ನು ಎಲ್ಲಿ ನಂಬುತ್ತಾರೆ. ಚೀಲದ ಮರಳನ್ನು ಅವಳೇ ಗಿಡದ ಬುಡಕ್ಕೆ ಸುರಿದಳು.

ಹನ್ನೊಂದು ನಿಮಿಷದ ದಿನ ಬಂತು. ಇಂಜೆಕ್ಷನ್ನಿನ ಮಹಿಮೆ ಇಳಿದು ಎರಡು ತಿಂಗಳಾಗಿತ್ತು, ಮುಂದಿನದಕ್ಕೆ ಇನ್ನೂ ಎರಡು ವಾರ ಇತ್ತು. ಎರಡನೆಯ ನಿಮಿಷದಲ್ಲಿ ಕಟಕ್. ಮತ್ತೆ ತೆಗೆದರು, ಒಂದೂವರೆಯಲ್ಲಿ ಕಟಕ್. ಆರು ಸಲ ಆಯಿತು. ಈ ಸಲ ಇಂಜಿನಿಯರ್ ಎಲೆಕೋಸಿನ ಮಾತು ಆಡಲಿಲ್ಲ. ಸುಮ್ಮನೆ ಕಂಪ್ಯೂಟರಿನಿಂದ ಹಳೆಯ ಹೆಜ್ಜೆಗಳನ್ನು ಎತ್ತಿ ಪರದೆಗೆ ಹೊಂದಿಸಿದ. ಮಾವ ಗಾಜಿನ ಈಚೆ ಸ್ಟೂಲಿನ ಮೇಲೆ ಕೂತು ಪೂರ್ತಿ ಕೇಳಿದರು.

“ಯಾರದ್ದು ಸರ್ ಇದು? ಚೆನ್ನಾಗಿ ನಡೀತಾನೆ.”

“ನಿಮ್ದೇ ಮಾಸ್ಟರ್. ಹತ್ತು ವರ್ಷದ ಹಿಂದಿನದು.”

“ನೋಡಿ,” ಎಂದರು ಮಾವ. “ಅದೂ ಮರ್ತೋಗಿದೆ ನಂಗೆ.”

ಗುಂಪಿನ ಧ್ವನಿಯವರು ಯಾರೂ ನಗಲಿಲ್ಲ. ಗಿಳಿಯನ್ನು ಬಿಟ್ಟು ಉಳಿದ ಐವರಿಗೂ ನಿಜ ಗೊತ್ತಿತ್ತು. ಅವರೂ ಬಾಯಿ ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ. ತಿಂಗಳು ಕಳೆಯುವುದರೊಳಗೆ ತೊಟ್ಟಿಗಳಿಗೆ ಸಿಮೆಂಟು ಸುರಿದು ಸಮ ಮಾಡಿ, ಮೇಲೆ ಖಾಲಿ ಪೆಟ್ಟಿಗೆಗಳನ್ನು ಜೋಡಿಸಿದರು.

ಸಿಸ್ಟರ್ ಈಗ ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ಮೊನ್ನೆ ಮಾಡಿದಾಗ ಮಾವ ಫೋನ್ ಎತ್ತಿ, ಸ್ವಲ್ಪ ಹೊತ್ತು ಯೋಚಿಸಿ, ಗಿಳಿಯ ಕಡೆಗೆ ಚಾಚಿದರು.

“ನೀನೇ ಹೇಳ್ಬಿಡಪ್ಪ. ನಾನು ಏನೋ ಒಂದು ಹೇಳಿ ಆಮೇಲೆ ಮರ್ತು ಬಿಡ್ತೀನಿ. ನಿಂಗೆ ಸರಿಯಾಗಿ ನೆನಪಿರುತ್ತೆ.”

ಗಿಳಿ ಫೋನ್ ತೆಗೆದುಕೊಂಡ. ಆಗ ಮಾವ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು, ಅತ್ತೆ ಬಿಸಿನೀರಿನ ಚೀಲ ತರುತ್ತಿದ್ದಳು. ಇದನ್ನೆಲ್ಲ ಇಷ್ಟು ಸರಿಯಾಗಿ ಹೇಗೆ ಹೇಳುತ್ತೀಯ ಎಂದು ನನ್ನನ್ನು ಕೇಳಬೇಡಿ. ಆ ರೂಮಿನಲ್ಲಿ ಇದ್ದದ್ದು ಮೂರೇ ಜನ, ಅದರಲ್ಲಿ ಇಬ್ಬರಿಗೆ ಏನೂ ಗೊತ್ತಿಲ್ಲ.

“ಎಷ್ಟು ಅಂಕಲ್ ಇವತ್ತು?” ಸಿಸ್ಟರ್ ಕೇಳಿದಳು.

ಮಾವನ ಧ್ವನಿಯಲ್ಲಿ, “ಏಳು,” ಎಂದೆ. ಅದು ನಿಜ.